ಪುಲ್ಲಿಯ ಕೀ ಬಗ್ಗೆ ಅಳಿಯನಿಗೆ

ಚಿ. ರಮೇಶನಿಗೆ ನಿನ್ನ ಸೋದರಮಾವನ ಆಶೀರ್ವಾದಗಳು.

ಗಿರಣಿಯ 10 ಎಚ್‌ಪಿ ಮೋಟಾರಿನ ಪುಲ್ಲಿ ಅಲ್ಲಾಡುತ್ತಿದೆ, ಕೀ ಮೇಲೆ ತಗಡು ಇಟ್ಟು ಬಡಿಯಲೇ ಎಂದು ಕೇಳಿದ್ದೀಯ. ಬೇಡಪ್ಪ. ಕೀ ಅಂದರೆ ಮೋಟಾರಿನ ದಂಡದಲ್ಲೂ (ಶಾಫ್ಟ್) ಪುಲ್ಲಿಯಲ್ಲೂ ಕೊರೆದ ತೋಡಿನಲ್ಲಿ (ಕೀವೇ) ಕೂತು ಎರಡನ್ನೂ ಒಟ್ಟಿಗೆ ತಿರುಗಿಸುವ ಉಕ್ಕಿನ ತುಂಡು. ಮೋಟಾರಿನ ಕೀ ಹಿಡಿಯುವುದು ಎರಡು ಪಕ್ಕಗಳಲ್ಲಿ, ನೆತ್ತಿಯಲ್ಲಲ್ಲ. ನಿನ್ನದು ನಿಮಿಷಕ್ಕೆ 1440 ಸುತ್ತಿನ, 132 ಫ್ರೇಮಿನ (ಅಡಿಯಿಂದ ಶಾಫ್ಟಿನ ನಡುವಿಗೆ 132 ಮಿ.ಮೀ.) ಮೋಟಾರು. ಶಾಫ್ಟ್ 38 ಮಿ.ಮೀ., ಕೀ 10 ಅಗಲ, 8 ಎತ್ತರ. ಕೀವೇ ಆಳ ಶಾಫ್ಟಿನಲ್ಲಿ 5, ಪುಲ್ಲಿಯಲ್ಲಿ 3.3. ಕೂಡಿಸಿ ನೋಡು, 8.3. ನೆತ್ತಿಯ ಮೇಲಿನ ಆ 0.3 ಬೇಕೆಂದೇ ಬಿಟ್ಟ ಜಾಗ. ಅಲ್ಲಿ ತಗಡು ತುರುಕಿದರೆ ಪುಲ್ಲಿ ಒಂದು ಕಡೆ ಎದ್ದು ಸೆಂಟರ್ ತಪ್ಪುತ್ತದೆ, ಬೆಲ್ಟ್ ಕುಣಿಯುತ್ತದೆ, ಬೇರಿಂಗ್ ಹೋಗುತ್ತದೆ. ಪಕ್ಕದ ಸಡಿಲ ಮಾತ್ರ ಹಾಗೇ ಇರುತ್ತದೆ. ಪೂರ್ತಿ ಲೋಡಿನಲ್ಲಿ ಕೀಯ ಪಕ್ಕಕ್ಕೆ ಬೀಳುವ ಒತ್ತು ಸುಮಾರು 260 ಕೆಜಿ. ಸಡಿಲ ಕೀ ಆದರೆ ಪ್ರತಿ ಸ್ಟಾರ್ಟಿಗೂ ಅದು ಸುತ್ತಿಗೆ ಏಟಿನಂತೆ ಕೀವೇ ಅಂಚನ್ನು ಜಜ್ಜುತ್ತದೆ.

ಬಿಚ್ಚುವ ಮೊದಲು ಮೇನ್ ಆಫ್ ಮಾಡಿ ಫ್ಯೂಸ್ ಕಿತ್ತು ಜೇಬಿಗೆ ಹಾಕಿಕೋ. ಕೀ ಮೇಲಿನ ಗ್ರಬ್ ಸ್ಕ್ರೂವನ್ನು (ತಲೆಯಿಲ್ಲದ ಬಿಗಿಯುವ ಸ್ಕ್ರೂ) ಪೂರ್ತಿ ತೆಗೆದು ತೂತಿನೊಳಗೆ ಟಾರ್ಚ್ ಬಿಟ್ಟು ನೋಡು. ಕೆಲವರು ಒಂದರ ಕೆಳಗೆ ಇನ್ನೊಂದು ಹಾಕಿರುತ್ತಾರೆ. ಅದು ಉಳಿದಿದ್ದಾಗ ಪುಲ್ಲರ್ (ಪುಲ್ಲಿಯನ್ನು ಎಳೆದು ತೆಗೆಯುವ ಸಾಧನ) ತಿರುಗಿಸಿದರೆ ಶಾಫ್ಟಿನುದ್ದಕ್ಕೂ ಗೀರು ಬೀಳುತ್ತದೆ. ಹೊರಗೆ ಕಾಣುವ ಶಾಫ್ಟಿನ ತುಕ್ಕನ್ನು ಎಮರಿಯಲ್ಲಿ ಉಜ್ಜಿ, ಎಣ್ಣೆ ಬಿಟ್ಟು ಅರ್ಧ ಗಂಟೆ ನೆನೆಯಲಿ. ಪುಲ್ಲರಿನ ಕಾಲುಗಳು ಪುಲ್ಲಿಯ ನಡುವಿನ ದಪ್ಪ ಭಾಗದ, ಅಂದರೆ ಬಾಸ್‌ನ ಹಿಂದೆ ಕೂರಬೇಕು. ಅಂಚಿಗೆ ಕೊಟ್ಟೆಯೋ, ಬೀಡು ಕಬ್ಬಿಣದ ಪುಲ್ಲಿ ಚಕ್ಕೆ ಎದ್ದುಹೋಗುತ್ತದೆ. ಬಿಗಿದು ನಿಂತರೆ ಬಾಸ್ ಅನ್ನು ಮಾತ್ರ ಬೇಗ ಬಿಸಿ ಮಾಡು. ಶಾಫ್ಟಿಗೆ ಕಾವು ಹತ್ತಿದರೆ ಬೇರಿಂಗಿನ ಗ್ರೀಸ್ ಕರಗಿ ಹರಿಯುತ್ತದೆ.

ಕೀ ಎಬ್ಬಿಸಲು ಉಳಿಯನ್ನು ಪಕ್ಕಕ್ಕೆ ತೂರಿಸಬೇಡ. ಹಿತ್ತಾಳೆ ತುಂಡನ್ನು ಒಂದು ತುದಿಗೆ ಓರೆಯಾಗಿಟ್ಟು ಮೆಲ್ಲಗೆ ತಟ್ಟು, ಇನ್ನೊಂದು ತುದಿ ಏಳುತ್ತದೆ. ಹಳೆ ಲೈನ್ ಶಾಫ್ಟಿನ (ಹಲವು ಯಂತ್ರ ಓಡಿಸುವ ಒಂದೇ ಉದ್ದ ಶಾಫ್ಟು) ತಲೆಯಿರುವ ಕೀ ಬೇರೆ ಜಾತಿ: ಅದು 100ಕ್ಕೆ 1ರ ಇಳಿಜಾರಿನದು, ನೆತ್ತಿಯಲ್ಲೇ ಬಿಗಿಯುತ್ತದೆ, ತಲೆಗೂ ಬಾಸಿಗೂ ನಡುವೆ ಬೆಣೆ ಕೊಟ್ಟು ತೆಗೆಯಬೇಕು. ಆ ಅಭ್ಯಾಸವನ್ನೇ ಮೋಟಾರಿಗೂ ತಂದು ಜನ ಕೆಡಿಸುತ್ತಾರೆ.

ಹೊಸ ಕೀಯನ್ನು ಇಎನ್-8 ಎಂಬ ಮಧ್ಯಮ ಇಂಗಾಲದ ಉಕ್ಕಿನ ಬ್ರೈಟ್ ಬಾರಿನಲ್ಲಿ (ನಯವಾಗಿ ಎಳೆದ ಸರಳು) ಮಾಡು. ಶಾಫ್ಟಿನಲ್ಲಿ ಮರದ ಸುತ್ತಿಗೆಯ ಏಟಿಗೆ ಕೂರುವಷ್ಟು ಬಿಗಿ, ಪುಲ್ಲಿಯಲ್ಲಿ ಕೈಯಲ್ಲೇ ಜಾರುವಷ್ಟು ನಯ. ಅರ ಹಾಕುವುದಿದ್ದರೆ ಕೀಗೆ ಹಾಕು, ಕೀವೇಗೆ ಬೇಡ. ಪುಲ್ಲಿಯನ್ನು ಬಡಿದು ಏರಿಸಬೇಡ, ಪ್ರತಿ ಏಟೂ ಬೇರಿಂಗಿನ ಗುಂಡುಗಳಿಂದ ಅದರ ಹಾದಿಯಲ್ಲಿ ಕುಳಿ ಬೀಳಿಸುತ್ತದೆ. ಶಾಫ್ಟಿನ ತುದಿಯಲ್ಲಿ ಎಂ-12 ಅಳತೆಯ, ಒಳಗೆ ಥ್ರೆಡ್ ಕೊರೆದ ತೂತಿದೆ. ಸ್ಟಡ್, ದಪ್ಪ ವಾಷರ್, ನಟ್ ಹಾಕಿ ಎಳೆದುಕೋ.

ಕೀವೇ ಅಗಲವಾಗಿದ್ದರೆ ತಗಡು, ಬಿಗಿಯಾಗಲೆಂದು ಹೊಡೆಯುವ ಪಂಚ್ ಗುರುತು ಎರಡೂ ನಿಲ್ಲುವುದಿಲ್ಲ. ಕೆಟ್ಟಿರುವುದು ಪುಲ್ಲಿಯದಾದರೆ ಅದನ್ನು 12ಕ್ಕೆ ಕೊರೆಸಿ, ಕೆಳಗೆ 10, ಮೇಲೆ 12 ಇರುವ ಮೆಟ್ಟಿಲು ಕೀ ಮಾಡಿಸು. ಶಾಫ್ಟಿನದೇ ಹೋಗಿದ್ದರೆ ಎದುರು ಬದಿಯಲ್ಲಿ ಹೊಸ ಕೀವೇ ಮಿಲ್ಲಿಂಗ್ ಮಾಡಿಸಿ ಬ್ಯಾಲೆನ್ಸ್ ನೋಡಿಸು.

ಪುಲ್ಲಿ ಇಲ್ಲದೆ ಮೋಟಾರು ತಿರುಗಿಸುವಾಗ ಕೀ ತೆಗೆದಿಡು ರಮೇಶ, ಅದು ಗುಂಡಿನ ಹಾಗೆ ಹಾರುತ್ತದೆ. ಜೋಡಿಸಿ ಒಂದು ದಿನ ಓಡಿಸಿದ ಮೇಲೆ ಗ್ರಬ್ ಸ್ಕ್ರೂ ಮತ್ತೊಮ್ಮೆ ಬಿಗಿ ಮಾಡಿ, ಕೀ ಅಂಚಿನಲ್ಲಿ ಕುಂಕುಮದಂಥ ಕೆಂಪು ಪುಡಿ ಕಾಣುತ್ತದೆಯೇ ನೋಡು. ಕಂಡರೆ ಒಳಗೆ ಇನ್ನೂ ಸಡಿಲವಿದೆ, ಅಂದೇ ಬಿಚ್ಚು.

ಇತಿ,
ನಿನ್ನ ಮಾವ