ಸೀರೆ ಬೇಡವೇ ಬೇಡ ಅಂತ ಬರೆಯಬೇಡಿ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ, ಯೂರೋಪ್ ಪ್ರವಾಸಕ್ಕೆ ಹೊರಟವರು ಏನೇನು ಬಟ್ಟೆ ಇಟ್ಟುಕೊಳ್ಳಬೇಕು ಎಂಬ ಲೇಖನ ಓದಿದೆ. ಬರೆದವರು ಚಿಕ್ಕ ವಯಸ್ಸಿನವರು ಅನ್ನಿಸಿತು. ಉತ್ಸಾಹದಿಂದ ಬರೆದಿದ್ದಾರೆ, ಸಂತೋಷ. ಆದರೆ ನಡುವೆ ಒಂದು ಸಾಲು ಬಂತು: ‘ಸೀರೆ ಬೇಡವೇ ಬೇಡ, ಜೀನ್ಸ್ ಮತ್ತು ಟೀ ಶರ್ಟ್ ಸಾಕು.’ ಕಾಫಿ ಲೋಟ ಪಕ್ಕಕ್ಕಿಟ್ಟು ಈ ಪತ್ರ ಬರೆಯಲು ಕೂತೆ.

ನನಗೀಗ 66. ಹೈಸ್ಕೂಲಿನಲ್ಲಿ 31 ವರ್ಷ ಸಮಾಜ ವಿಜ್ಞಾನ ಪಾಠ ಮಾಡಿ ನಿವೃತ್ತಳಾದವಳು. ಆಲ್ಪ್ಸ್ ಪರ್ವತವನ್ನು ನಕ್ಷೆಯಲ್ಲಿ ಕೋಲಿನಿಂದ ತೋರಿಸಿದ್ದೇ ತೋರಿಸಿದ್ದು, ಕಣ್ಣಾರೆ ನೋಡಿರಲಿಲ್ಲ. ಹೋದ ವರ್ಷ ಮೇ ಕೊನೆಯಲ್ಲಿ ನಾನು, ನಮ್ಮನೆಯವರು, ನನ್ನ ಓರಗಿತ್ತಿ ಮೂವರೂ ಒಂದು ಟೂರಿನಲ್ಲಿ ಹೋಗಿ ಬಂದೆವು. ರೋಮ್, ವೆನಿಸ್, ಸ್ವಿಟ್ಜರ್‌ಲೆಂಡ್, ಪ್ಯಾರಿಸ್, ಆಮ್‌ಸ್ಟರ್‌ಡ್ಯಾಮ್. ಒಟ್ಟು 13 ದಿನ.

ಟೂರಿನವರು ಕೊಟ್ಟ ಹಾಳೆಯಲ್ಲೂ ಇದೇ ಉಪದೇಶವಿತ್ತು. ಮಗಳಂತೂ ಬೆಂಗಳೂರಿನಿಂದ ಎರಡು ಜೀನ್ಸ್ ತಂದು ಮಂಚದ ಮೇಲೆ ಹರವಿದಳು. ‘ಅಮ್ಮ, ಅಲ್ಲಿ ಯಾರೂ ಸೀರೆ ಉಡಲ್ಲ. ಎಲ್ಲರೂ ನಿನ್ನನ್ನೇ ನೋಡ್ತಾರೆ’ ಅಂದಳು. ನೋಡಿದರೆ ನೋಡಲಿ ಬಿಡು ಅನ್ನುವ ಧೈರ್ಯ ಆಗ ಇರಲಿಲ್ಲ. ಆರು ಸೀರೆ ತೆಗೆದಿಟ್ಟಿದ್ದವಳು ಮೂರನ್ನು ವಾಪಸ್ ಬೀರುವಿಗೆ ಸೇರಿಸಿದೆ.

ರೋಮ್‌ನಲ್ಲಿ ಮೊದಲ ದಿನ ಜೀನ್ಸ್ ಹಾಕಿಕೊಂಡೇ ಕೊಲೊಸಿಯಮ್ ನೋಡಿದೆ. ಅವತ್ತು ನಮ್ಮೂರಿನ ಏಪ್ರಿಲ್ ಬಿಸಿಲೇ ಅಲ್ಲಿಗೂ ಬಂದ ಹಾಗಿತ್ತು. ದಪ್ಪ ಬಟ್ಟೆ ತೊಡೆಗೆ ಅಂಟಿಕೊಂಡಿತು. ಬಸ್ಸಿನಲ್ಲಿ ಕೂತರೆ ಹೊಟ್ಟೆಗೆ ಬಿಗಿ, ಎದ್ದರೆ ಜಾರುತ್ತದೇನೋ ಎಂಬ ಭಯ. ಶೌಚಾಲಯದ ವಿಷಯವನ್ನೂ ಹೇಳಿಬಿಡುತ್ತೇನೆ, ನಾಚಿಕೆ ಯಾಕೆ? ಬೆರಳ ಗಂಟುಗಳಲ್ಲಿ ನೋವಿರುವವಳಿಗೆ ಆ ಲೋಹದ ಗುಂಡಿ ಬಿಚ್ಚುವುದೇ ಒಂದು ಕೆಲಸ. ಹೊರಗೆ ಉದ್ದದ ಸಾಲು, ಒಳಗೆ ನಾನು ಗುಂಡಿಯ ಜೊತೆ ಹೋರಾಟ. ಸೀರೆಯಲ್ಲಿ ಈ ಕಷ್ಟ ಒಂದು ದಿನವೂ ಬಂದದ್ದಿಲ್ಲ. ಅಲ್ಲಿನ ಶೌಚಾಲಯಗಳಲ್ಲಿ ನೆಲ ಒಣಗಿರುತ್ತದೆ, ನಮ್ಮ ಬಸ್ ಸ್ಟ್ಯಾಂಡಿನ ಹಾಗೆ ಅಂಚು ಎತ್ತಿ ಹಿಡಿಯುವ ಗೋಳಿಲ್ಲ. ನೀರಿಗೆ ಮಾತ್ರ ಬಾಟಲಿ ಒಯ್ಯಬೇಕು. ಅದು ಬೇರೆ ಮಾತು.

ರಾತ್ರಿ ಹೋಟೆಲಿನಲ್ಲಿ ಆ ಜೀನ್ಸ್ ಒಗೆದು ಹಾಕಿದೆ. ಬೆಳಿಗ್ಗೆ ನೋಡಿದರೆ ಇನ್ನೂ ತೊಟ್ಟಿಕ್ಕುತ್ತಿತ್ತು. ಪ್ಲಾಸ್ಟಿಕ್ ಕವರಿನಲ್ಲಿ ತುರುಕಿ ಪೆಟ್ಟಿಗೆಗೆ ಹಾಕಿದ್ದು, ವೆನಿಸ್ ಮುಟ್ಟುವ ಹೊತ್ತಿಗೆ ಮುಗ್ಗಲು ವಾಸನೆ.

ಎರಡನೇ ದಿನ ಸಿಂಥೆಟಿಕ್ ಸೀರೆ ಉಟ್ಟು, ಕಾಲಿಗೆ ಶೂ ಹಾಕಿ, ಮೇಲೆ ತೆಳ್ಳನೆ ಶಾಲು ಹೊದ್ದು ವ್ಯಾಟಿಕನ್‌ಗೆ ಹೊರಟೆ. ಅಲ್ಲಿನ ದೊಡ್ಡ ಚರ್ಚು ಸಂತ ಪೀಟರ್ ಬೆಸಿಲಿಕಾ ಒಳಗೆ ಹೋಗಬೇಕಾದರೆ ಭುಜ, ಮೊಣಕಾಲು ಎರಡೂ ಮುಚ್ಚಿರಬೇಕು. ಗಂಡಸು, ಹೆಂಗಸು ಎಲ್ಲರಿಗೂ ಅದೇ ನಿಯಮ. ನಿಮ್ಮ ಲೇಖನದಲ್ಲಿ ಇದರ ಸುದ್ದಿಯೇ ಇಲ್ಲ! ನಮ್ಮ ಗುಂಪಿನಲ್ಲಿ ಹುಬ್ಬಳ್ಳಿ ಕಡೆಯ ಒಬ್ಬ ಕಾಲೇಜು ಹುಡುಗಿ ಇದ್ದಳು. ಚಡ್ಡಿ, ಟೀ ಶರ್ಟ್ ಹಾಕಿಕೊಂಡು ಬಂದಿದ್ದಳು ಪಾಪ. ಬಾಗಿಲಲ್ಲಿ ತಡೆದರು. ಕಣ್ಣಲ್ಲಿ ನೀರೇ ಬಂತು ಅವಳಿಗೆ. ನನ್ನ ಶಾಲು ತೆಗೆದು ಅವಳ ಸೊಂಟಕ್ಕೆ ಸುತ್ತಿ, ಪಂಚೆ ಉಡಿಸಿದ ಹಾಗೆ ಬಿಗಿದು, ಎರಡು ಪಿನ್ನು ಚುಚ್ಚಿದೆ. ಕಾವಲಿನವನು ಮೇಲಿಂದ ಕೆಳಗೆ ಒಮ್ಮೆ ನೋಡಿ ಬಿಟ್ಟ. ‘ಅಜ್ಜಿ, ನಿಮ್ಮ ಹತ್ರ ಇನ್ನೂ ಎಷ್ಟು ಪಿನ್ನದಾವ್ರಿ?’ ಅಂದಳು ಹುಡುಗಿ. ಹನ್ನೆರಡಿದ್ದವು. ಅಜ್ಜಿ ಅಂದದ್ದು ಮಾತ್ರ ಸ್ವಲ್ಪ ನೋವಾಯಿತು.

ರೋಮ್‌ನ ಬೀದಿಗಳಲ್ಲಿ ಕಪ್ಪು ಚೌಕದ ಕಲ್ಲು ಹಾಸಿರುತ್ತಾರೆ. ಎಷ್ಟೋ ಕಾಲದಿಂದ ಸವೆದು ಬೋಳಾಗಿವೆ, ನಡುವೆ ಸಂದು ಬೇರೆ. ಅದರ ಮೇಲೆ ಹೊಸ ಚಪ್ಪಲಿಯಲ್ಲಿ ನಡೆದ ನನ್ನ ಓರಗಿತ್ತಿಗೆ ಸಂಜೆ ಹೊತ್ತಿಗೆ ಎರಡೂ ಹಿಮ್ಮಡಿಯಲ್ಲಿ ಬೊಬ್ಬೆ. ವೆನಿಸ್‌ಗೆ ಹೋದರೆ ಸೇತುವೆ ಹತ್ತು, ಸೇತುವೆ ಇಳಿ. ಅಲ್ಲಿ 400ಕ್ಕೂ ಜಾಸ್ತಿ ಸೇತುವೆಗಳಿವೆ, ಹೆಚ್ಚಿನವಕ್ಕೆ ಮೆಟ್ಟಿಲು. ನಾನು ಎರಡು ತಿಂಗಳು ಮೊದಲೇ ಶೂ ತಗೊಂಡು ಕುಕ್ಕರಹಳ್ಳಿ ಕೆರೆ ಸುತ್ತಿ ಸುತ್ತಿ ಅದನ್ನು ಕಾಲಿಗೆ ಹೊಂದಿಸಿಕೊಂಡಿದ್ದೆ. ಸೀರೆಯಡಿ ಶೂ ಅಸಹ್ಯ ಅಂತ ವಾಕಿಂಗಿನ ಗೆಳತಿಯರು ನಕ್ಕಿದ್ದರು. ಎರಡು ಬೆರಳು ಮೇಲಕ್ಕೆ ಉಟ್ಟರೆ ಆಯಿತು. ಮೈಮೇಲೆ ಏನು ಹಾಕಬೇಕು ಅಂತ ಅರ್ಧ ಪುಟ ಬರೆದ ನಿಮ್ಮ ಲೇಖಕಿ ಕಾಲಿಗೆ ಒಂದೇ ಸಾಲು ಕೊಟ್ಟಿದ್ದಾರೆ. ತಿರುಗುಮುರುಗಾಗಿ ಇರಬೇಕಿತ್ತು.

ಇನ್ನು ಚಳಿಯ ವಿಚಾರ. ಸಿನಿಮಾದಲ್ಲಿ ಹೀರೋ ಸ್ವೆಟರ್, ಮಫ್ಲರ್, ಕೋಟು ಎಲ್ಲ ಹಾಕಿರುತ್ತಾನೆ, ಹೀರೋಯಿನ್ ಹಿಮದ ಮೇಲೆ ಶಿಫಾನ್ ಸೀರೆಯಲ್ಲಿ ಕುಣಿಯುತ್ತಾಳೆ. ಅದನ್ನು ನೋಡಿಯೇ ಜನಕ್ಕೆ ಸೀರೆ ಅಂದರೆ ಚಳಿ ಅಂತ ತಲೆಯಲ್ಲಿ ಕೂತಿದೆ. ಸೀರೆಯೊಳಗೆ ಎಷ್ಟು ಜಾಗ ಇದೆ ಅಂತ ಉಟ್ಟವರಿಗೆ ಗೊತ್ತು. ಸ್ವಿಟ್ಜರ್‌ಲೆಂಡ್‌ನಲ್ಲಿ ಆಲ್ಪ್ಸ್ ಮೇಲಿನ ಯೂಂಗ್‌ಫ್ರೌಯೋಖ್‌ಗೆ ಹೋದ ದಿನ ನಾನು ಒಳಗೆ ಥರ್ಮಲ್ ಲೆಗ್ಗಿಂಗ್ಸ್, ಅದರ ಮೇಲೆ ಉಣ್ಣೆಯ ಇನ್ನೊಂದು, ಎರಡು ಜೊತೆ ಕಾಲುಚೀಲ, ರವಿಕೆಯ ಬದಲು ಕುತ್ತಿಗೆವರೆಗೆ ಬರುವ ಉಣ್ಣೆಯ ಸ್ವೆಟರ್ ಹಾಕಿ, ಅದರ ಮೇಲೆ ಸೀರೆ ಉಟ್ಟು, ಜಾಕೆಟ್ ತೊಟ್ಟೆ. ಸೆರಗು ಜಾಕೆಟಿನೊಳಗೆ. ಕೆಳಗೆ ಇಂಟರ್‌ಲಾಕನ್‌ನಲ್ಲಿ ಹಿತವಾದ ಬಿಸಿಲು. ರೈಲು ಬೆಟ್ಟದ ಹೊಟ್ಟೆಯೊಳಗೆ ಸುರಂಗದಲ್ಲಿ ಹತ್ತಿ 3,454 ಮೀಟರ್ ಎತ್ತರದ ಸ್ಟೇಷನ್ನಿಗೆ ಬಿಟ್ಟಾಗ ಹೊರಗೆ ಮೈನಸ್ 3. ಒಂದೇ ಬೆಳಗ್ಗೆ ಎರಡು ಋತು. ನಮ್ಮನೆಯವರು ಬನಿಯನ್ನಿನ ಮೇಲೆ ಒಂದು ಶರ್ಟು, ಅದರ ಮೇಲೆ ಕಂಬಳಿಯಂಥ ಒಂದೇ ದೊಡ್ಡ ಕೋಟು ಹಾಕಿದ್ದರು. ರೈಲಿನಲ್ಲಿ ಸೆಕೆ ಅಂತ ತೆಗೆದರು, ಇಳಿದ ಮೇಲೆ ನಡುಗುತ್ತಾ ಹಾಕಿದರು, ಒಳಗೆ ಬಂದು ಮತ್ತೆ ತೆಗೆದರು. ಈರುಳ್ಳಿಯ ಹಾಗೆ ತೆಳ್ಳನೆಯ ಪದರ ಮೇಲೆ ಪದರ ಇದ್ದರೆ ಬೇಕಾದಷ್ಟು ಬಿಚ್ಚಬಹುದು, ಬೇಕಾದಷ್ಟು ಉಳಿಸಿಕೊಳ್ಳಬಹುದು. ಇದನ್ನು ಮನೆಯಲ್ಲೇ ಹೇಳಿದ್ದೆ. ಹೆಂಡತಿಯ ಮಾತು ಅಲ್ವಾ, ಕೇಳಲಿಲ್ಲ.

ಅವತ್ತು ಉಟ್ಟಿದ್ದು ಮೈಸೂರು ಸಿಲ್ಕ್. ನಿವೃತ್ತಿಯ ದಿನ ತಗೊಂಡ ನೇರಳೆ ಬಣ್ಣದ್ದು. ಅಷ್ಟು ಬೆಲೆಯದನ್ನು ಪ್ರವಾಸಕ್ಕೆ ಯಾಕೆ ಅಂತ ಓರಗಿತ್ತಿ ಬೈದಿದ್ದಳು. ಕ್ರೇಪ್ ಬಟ್ಟೆ, ಹಗುರ. ಪೆಟ್ಟಿಗೆಯಲ್ಲಿ ಹೇಗೆ ತುರುಕಿದರೂ ಸುಕ್ಕು ಬೀಳುವುದಿಲ್ಲ. ಜೊತೆಗೆ ನನ್ನದೊಂದು ಖಯಾಲಿಯೂ ಇತ್ತು. ಮೇಲಿನ ಸ್ಟೇಷನ್ನಿನಲ್ಲಿ ಆ ರೈಲು ಮಾರ್ಗ 1912ರಲ್ಲಿ ಪೂರ್ತಿಯಾಯಿತು ಅಂತ ಬರೆದಿದ್ದರು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ನಮ್ಮ ಮೈಸೂರಿನ ರೇಷ್ಮೆ ನೇಯ್ಗೆ ಕಾರ್ಖಾನೆ ಶುರುವಾದದ್ದೂ ಅದೇ 1912ರಲ್ಲಿ. ಅದಕ್ಕೆ ಮಗ್ಗಗಳನ್ನು ತರಿಸಿದ್ದು ಎಲ್ಲಿಂದ? ಇದೇ ಸ್ವಿಟ್ಜರ್‌ಲೆಂಡ್‌ನಿಂದ! ನನ್ನ ಸೀರೆಗೆ ಮಗ್ಗದ ಕಡೆಯಿಂದ ಅದು ತವರೂರು. ಹಿಮದ ಮೇಲೆ ನಿಂತು ಇದನ್ನು ನಮ್ಮ ಗುಂಪಿನವರಿಗೆಲ್ಲ ಹೇಳಿದೆ. ಮೇಷ್ಟ್ರ ಬುದ್ಧಿ, ಹೋಗುವುದಿಲ್ಲ. ಇಬ್ಬರು ಕೇಳಿದರು, ಉಳಿದವರು ಸೆಲ್ಫಿಯಲ್ಲಿದ್ದರು.

ಸೀರೆ ಕೈಕೊಟ್ಟದ್ದನ್ನೂ ಮುಚ್ಚಿಡುವುದಿಲ್ಲ. ಪ್ಯಾರಿಸ್ ಮೆಟ್ರೋದ ಎಸ್ಕಲೇಟರಿನಲ್ಲಿ, ಮೆಟ್ಟಿಲುಗಳು ಒಳಕ್ಕೆ ಹೋಗಿ ಮಾಯವಾಗುವ ಆ ಕೊನೆಯ ಜಾಗದಲ್ಲಿ, ನನ್ನ ಅಂಚು ಸಿಕ್ಕಿಕೊಂಡಿತು. ಎಳೆದರೆ ಬರಲಿಲ್ಲ. ಹಿಂದಿದ್ದ ಒಬ್ಬ ಹುಡುಗ ಥಟ್ಟನೆ ಬಗ್ಗಿ ಕೆಂಪು ಗುಂಡಿ ಒತ್ತಿದ. ನಿಂತಿತು. ಅವನು ಒಂದು ತುದಿ, ನಾನು ಒಂದು ತುದಿ ಹಿಡಿದು ಬಿಡಿಸಿದೆವು. ಗೇಣುದ್ದ ಅಂಚು ಹರಿದು ಕಪ್ಪು ಗ್ರೀಸ್ ಬಳಿದಿತ್ತು. ಫಾಲ್ ಹೊಲಿದದ್ದು ಗಟ್ಟಿಯಿದ್ದರಿಂದ ಅಷ್ಟಕ್ಕೇ ಉಳಿಯಿತು. ಅದಾದ ಮೇಲೆ ಎಸ್ಕಲೇಟರ್ ಕಂಡರೆ ನೆರಿಗೆ ಎಡಗೈಯಲ್ಲಿ ಎತ್ತಿ ಹಿಡಿಯುತ್ತಿದ್ದೆ, ಇಲ್ಲವೇ ಲಿಫ್ಟ್ ಹುಡುಕುತ್ತಿದ್ದೆ. ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಗಾಳಿಯ ಜೊತೆ ಅಡ್ಡಮಳೆ. ಕೊಡೆ ಮಗುಚಿಕೊಂಡಿತು. ಅವತ್ತು ಸುಮ್ನೆ ಹಟ ಮಾಡದೆ ಮಗಳು ಕೊಟ್ಟಿದ್ದ ಕುರ್ತಾ, ಲೆಗ್ಗಿಂಗ್ಸ್ ಹಾಕಿಕೊಂಡೆ. ಮಳೆಗೆ ಅದೇ ಸರಿ.

ಸೀರೆ ನಮ್ಮ ಸಂಸ್ಕೃತಿ ಅಂತ ಭಾಷಣ ಬಿಗಿಯಲು ಇದನ್ನು ಬರೆಯುತ್ತಿಲ್ಲ. ನನ್ನ ಓರಗಿತ್ತಿ ವೆನಿಸ್‌ನಿಂದಾಚೆ ನನ್ನ ಇನ್ನೊಂದು ಜೀನ್ಸ್ ತಗೊಂಡು ಹಾಕಿಕೊಂಡವಳು, ಊರಿಗೆ ಬಂದ ಮೇಲೂ ಬಿಟ್ಟಿಲ್ಲ. ಈಗ ಪಾರ್ಕಿಗೂ ಅದರಲ್ಲೇ ಬರುತ್ತಾಳೆ. ಚೆನ್ನಾಗಿಯೇ ಕಾಣುತ್ತಾಳೆ. ಅವಳ ಮೈಗೆ ಅದು ಒಗ್ಗಿತು, ನನ್ನ ಮೈಗೆ ಒಗ್ಗಲಿಲ್ಲ, ಅಷ್ಟೇ. ನನ್ನ ತಕರಾರು ‘ಬೇಡವೇ ಬೇಡ’ ಅನ್ನುವ ಮಾತಿನ ಬಗ್ಗೆ. ನನ್ನ ವಯಸ್ಸಿನ ಎಷ್ಟೋ ಹೆಂಗಸರು ಇಂಥ ಮಾತು ಓದಿ, ಅಯ್ಯೋ ಪ್ಯಾಂಟ್ ಹಾಕಬೇಕಂತೆ ಅಂತ ಹೊರಡುವುದನ್ನೇ ಬಿಡುತ್ತಾರೆ. ನಮ್ಮ ಬೀದಿಯಲ್ಲೇ ಒಬ್ಬರಿದ್ದಾರೆ. ಮಗ ಟಿಕೆಟ್ ತೆಗೆಸುತ್ತೇನೆ ಅಂದರೂ ಒಲ್ಲೆ ಅಂದರು.

ಪ್ಯಾರಿಸ್‌ನ ಗೈಡ್ ಒಂದು ವಿಷಯ ಹೇಳಿದರು, ನಿಮ್ಮ ಲೇಖಕಿಗೆ ಇಷ್ಟವಾಗಬಹುದು. 1800ರಲ್ಲಿ ಆ ಊರಿನಲ್ಲಿ ಹೆಂಗಸರು ಪ್ಯಾಂಟ್ ಹಾಕಬೇಕಾದರೆ ಪೊಲೀಸರ ಅಪ್ಪಣೆ ಬೇಕು ಅಂತ ಆದೇಶ ಮಾಡಿದ್ದರಂತೆ. ಆಮೇಲೆ ಕೈಯಲ್ಲಿ ಸೈಕಲ್ಲಿನ ಹ್ಯಾಂಡಲ್ಲೋ ಕುದುರೆಯ ಲಗಾಮೋ ಇದ್ದರೆ ಪರವಾಗಿಲ್ಲ ಅಂತ ಸಡಿಲ ಮಾಡಿದರು. ಅದು ಈಗ ಲೆಕ್ಕಕ್ಕಿಲ್ಲ ಅಂತ ಅಲ್ಲಿನ ಸರ್ಕಾರ ಬಾಯಿಬಿಟ್ಟು ಹೇಳಿದ್ದು 2013ರಲ್ಲಿ! ಅಂಥ ಊರಿನಲ್ಲಿ ನಾನು ಪ್ಯಾಂಟ್ ಹಾಕಲಿಲ್ಲ ಅಂತ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಇನ್ನು ಅಲ್ಲಿ ಸೀರೆಯೇ ಕಾಣುವುದಿಲ್ಲ ಅನ್ನುವುದೂ ತಪ್ಪು. ಗಾರ್ ದ್ಯು ನೋರ್ ರೈಲು ನಿಲ್ದಾಣದ ಹಿಂದೆ ಲಾ ಶಪೆಲ್ ಅಂತ ಜಾಗವಿದೆ. ಶ್ರೀಲಂಕಾದ ತಮಿಳರು ಜಾಸ್ತಿ. ಬೀದಿಯುದ್ದಕ್ಕೂ ಸೀರೆ ಅಂಗಡಿ, ಚಿನ್ನದಂಗಡಿ, ದೋಸೆ. ಗಾಜಿನೊಳಗೆ ಸಾಲಾಗಿ ನಿಲ್ಲಿಸಿದ್ದ ಗೊಂಬೆಗಳಿಗೆ ನನಗಿಂತ ನೀಟಾಗಿ ನೆರಿಗೆ ಹಿಡಿದಿದ್ದರು.

ಕೊನೆಗೆ, ನಿಮ್ಮ ಲೇಖನದಲ್ಲಿ ಇಲ್ಲದ ಒಂದು ಉಪಾಯ. ಅದೇ ಪ್ಯಾರಿಸ್ ಮೆಟ್ರೋದಲ್ಲಿ ನಮ್ಮ ಗುಂಪಿನ ಒಬ್ಬರ ಪ್ಯಾಂಟಿನ ಹಿಂದಿನ ಜೇಬಿನಿಂದ ಪರ್ಸ್ ಹೋಯಿತು. ನನ್ನ ಪಾಸ್‌ಪೋರ್ಟ್, ಯೂರೋ ಎಲ್ಲ ಒಳಲಂಗದ ಜೇಬಿನಲ್ಲಿ ಭದ್ರ. ಮೂರು ಲಂಗಕ್ಕೂ ಜಿಪ್ ಇಟ್ಟು ಜೇಬು ಹೊಲಿದುಕೊಟ್ಟವನು ನಮ್ಮ ಬೀದಿಯ ಟೈಲರ್, ಒಂದಕ್ಕೆ 60 ರೂಪಾಯಿ. ಆದರೆ ಅವನು ಸೊಂಟದ ಪಟ್ಟಿಯಿಂದ ಒಂದು ಮೊಳ ಕೆಳಗೆ ಇಟ್ಟುಬಿಟ್ಟ. ಹೋಟೆಲ್ ಕೌಂಟರಿನಲ್ಲಿ ಪಾಸ್‌ಪೋರ್ಟ್ ಕೇಳಿದಾಗಲೆಲ್ಲ ನಾನು ಕಂಬದ ಮರೆ ಹುಡುಕಬೇಕಾಯಿತು. ಹೊಲಿಸುವವರು ಎಡಗಡೆ, ಪಟ್ಟಿಯಿಂದ ನಾಲ್ಕೇ ಬೆರಳು ಕೆಳಗೆ, ಪಾಸ್‌ಪೋರ್ಟ್ ಅಡ್ಡಡ್ಡ ಹಿಡಿಯುವಷ್ಟು ಅಗಲ ಇಡಿಸಿಕೊಳ್ಳಿ. ಸೊಂಟದ ಹತ್ತಿರ ಕೈ ಹಾಕಿದರೆ ಸಿಗುತ್ತದೆ.

ಇಂತಿ,
ನಿಮ್ಮ ಹಳೆಯ ಓದುಗಾರ್ತಿ,
ನಿವೃತ್ತ ಶಿಕ್ಷಕಿ, ಕುವೆಂಪುನಗರ, ಮೈಸೂರು