ಗೆದ್ದ ತಂಡದ ಬಗ್ಗೆ ನೀನು ಬರೆದದ್ದು

ಪುಟ್ಟೀ,

ನಿನ್ನ ಪತ್ರದ ಒಂದು ಮಾತು ಎರಡು ದಿನದಿಂದ ನನ್ನನ್ನು ಬಿಡುತ್ತಿಲ್ಲ. ತರಗತಿಯಲ್ಲಿ ನೀನು ಆಡಿಸಿದ ಪರಿಹಾರ ಹಂಚುವ ಆಟದಲ್ಲಿ ಗೆದ್ದ ತಂಡದವರು ಕುಣಿಯುತ್ತಿದ್ದಾಗ, ಆಟದೊಳಗಿನ ದೂರದ ಸಂತ್ರಸ್ತರ ಶಿಬಿರಕ್ಕೆ ಒಂದು ಲೋಟ ನೀರೂ ಹೋಗಿಲ್ಲ ಅನ್ನೋದು ಯಾರಿಗೂ ಹೊಳೆಯಲಿಲ್ಲ ಅಂತ ಬರೆದಿದ್ದೀಯ. 'ನಾನು ಇವರಿಗೆ ಕಲ್ಲೆದೆ ಕಲಿಸುತ್ತಿದ್ದೇನಾ ಚಿಕ್ಕಪ್ಪಾ?' ಅಂತ ಕೇಳಿದ್ದೀಯ.

ವೆಚ್ಚ ಇಳಿಸಿ ಅಂದರೆ ಎಂಬಿಎ ಮಕ್ಕಳು ಇಳಿಸುತ್ತಾರೆ. ದೂರದ ಶಿಬಿರ ದುಬಾರಿ, ಬಿಟ್ಟರೆ ಅಂಕ ಜಾಸ್ತಿ. ವ್ಯಾಪಾರದಲ್ಲಾದರೆ ಗಿರಾಕಿ ಬೇರೆ ಕಡೆ ಹೋಗುತ್ತಾನೆ. ಶಿಬಿರದವರು ಎಲ್ಲಿಗೆ ಹೋಗಬೇಕು? ನೆರವು ಸಂಸ್ಥೆಗಳು ಪಾಲಿಸುವ ಸ್ಫಿಯರ್ ಮಾನದಂಡ ಒಬ್ಬರಿಗೆ ದಿನಕ್ಕೆ ಕನಿಷ್ಠ 15 ಲೀಟರ್ ನೀರು ಅನ್ನುತ್ತದೆ, ಕುಡಿಯೋದು, ಅಡುಗೆ, ಸ್ನಾನ ಎಲ್ಲ ಸೇರಿ. ಒಂದೇ ಸಂಖ್ಯೆಯ ಜನರಿರುವ ಎರಡು ಶಿಬಿರದಲ್ಲಿ ಒಂದಕ್ಕೆ 30, ಇನ್ನೊಂದಕ್ಕೆ ಸೊನ್ನೆ ಕೊಟ್ಟರೂ ಸರಾಸರಿ 15 ಅಂತಲೇ ಬರುತ್ತದೆ. ನಿನ್ನ ಹುಡುಗರು ಗೆದ್ದದ್ದು ಇದರಲ್ಲೇ ಅಲ್ವಾ?

ನಾನೂ ಹಾಗೆ ಗೆದ್ದವನು. ಪರಿಹಾರದ ಗೋದಾಮಿನಲ್ಲಿದ್ದಾಗ ನಮ್ಮ ಪಾಳಿಯ ಲಾರಿಯೇ ಮೊದಲು ಹೊರಡಬೇಕು ಅನ್ನೋ ಹಟ ನನಗೆ. ಒಮ್ಮೆ ಬಂದ ಬಟ್ಟೆ ಮೂಟೆಗಳನ್ನು ಬಿಚ್ಚಿಯೂ ನೋಡದೆ ಹಾಗೇ ಹೇರಿಸಿ ಕಳಿಸಿದೆ, ಔಷಧಿ ಪೆಟ್ಟಿಗೆಗಳು ಹಿಂದೆ ಉಳಿದವು. ಮಾರನೇ ದಿನ ಡ್ರೈವರ್ ಬಂದು, ಬೈಯಲೂ ಇಲ್ಲ, ಮೂಟೆಗಳು ರಸ್ತೆ ಬದಿಯಲ್ಲಿ ಮಳೆಗೆ ನೆನೀತಾ ಬಿದ್ದಿವೆ ಅಂದ. ಔಷಧಿ ಯಾರಿಗೆ ತಲುಪಲಿಲ್ಲ ಅಂತ ನಾನು ಆಗ ಕೇಳಲಿಲ್ಲ. ಈಗ ಕೇಳಿದರೆ ಹೇಳುವವರಿಲ್ಲ. 2004ರ ಸುನಾಮಿ ಆದ ಮೇಲೆ ಬಿಸಿಲಿನ ದೇಶಗಳಿಗೆ ಚಳಿಗಾಲದ ಬಟ್ಟೆ, ಅವಧಿ ಮುಗಿದ ಔಷಧಿ ಬಂದು ರಾಶಿ ಬಿದ್ದವು ಅಂತ ಓದಿದಾಗ ಆ ಮೂಟೆಗಳೇ ಕಣ್ಣ ಮುಂದೆ ಬಂದವು.

ನನ್ನದು ಕಲ್ಲೆದೆ ಆಗಿತ್ತಾ? ಆಗಿರಲಿಲ್ಲ ಪುಟ್ಟೀ. ಗೇಟಿನಲ್ಲಿ ಲಾರಿ ಎಣಿಸುತ್ತಿದ್ದರು, ನಾನೂ ಲಾರಿಯನ್ನೇ ನೋಡುತ್ತಿದ್ದೆ.

ಅಂಕ ಕೊಡುವಾಗ ಎಲ್ಲರಿಗಿಂತ ಕಡಿಮೆ ಸಿಕ್ಕ ಶಿಬಿರವನ್ನೇ ಲೆಕ್ಕಕ್ಕೆ ಹಿಡಿದರೆ ಹೇಗೆ? ಪಾಠ ಮಾಡಿದವನಲ್ಲ ನಾನು, ತಪ್ಪಾಗಿದ್ದರೆ ಬಿಟ್ಟುಬಿಡು. ಎಲ್ಲ ತಂಡಕ್ಕೂ ಸೇರಿ ಒಂದೇ ವಿಮಾನ ನಿಲ್ದಾಣ ಕೊಟ್ಟು ನೋಡು. 2010ರಲ್ಲಿ ಹೈಟಿಯಲ್ಲಿ ಭೂಕಂಪ ಆದಾಗ ರಾಜಧಾನಿ ಪೋರ್ಟ್-ಒ-ಪ್ರಿನ್ಸ್‌ನಲ್ಲಿ ಇದ್ದದ್ದು ಒಂದೇ ರನ್‌ವೇ, ಹಡಗುಕಟ್ಟೆಯೂ ಮುರಿದಿತ್ತು, ಎಲ್ಲರೂ ಅಲ್ಲೇ ಇಳಿಯಬೇಕು. ಯಾರ ವಿಮಾನ ಮೊದಲು ಅಂತ ನಿನ್ನ ಹುಡುಗರು ತಾವೇ ಕೂತು ಮಾತಾಡಲಿ. ಪೈಪೋಟಿ ಪೂರ್ತಿ ತೆಗೆಯೋದು ಬೇಡ ಅನ್ನಿಸುತ್ತದೆ, ಅದಿದ್ದರೇ ರಾತ್ರಿ ಕೂತು ಲೆಕ್ಕ ಹಾಕುತ್ತಾರೆ.

ಅವರು ಕುಣಿದದ್ದು ನೋಡಿ ನಿನಗೆ ಸಂಕಟ ಆಯಿತಲ್ಲ, ನನ್ನ ಲಾರಿ ಹೊರಟಾಗ ಹಾಗೆ ಸಂಕಟಪಟ್ಟವರು ಪಕ್ಕದಲ್ಲಿ ಯಾರೂ ಇರಲಿಲ್ಲ. ಮುಂದಿನ ತರಗತಿಯಲ್ಲಿ ಗೆದ್ದವರನ್ನೇ ಕೇಳು, ಆ ಶಿಬಿರದಲ್ಲಿ ಎಷ್ಟು ಜನ ಇದ್ದರು ಅಂತ. ಬೈಯಬೇಡ. ಏನಂದರು ಅಂತ ನನಗೆ ಬರಿ.

ನಿನ್ನ ಚಿಕ್ಕಪ್ಪ