ಆ ಪದವನ್ನು ಅವರಿಗೆ ಕೊಡಬೇಡ

ಪ್ರೀತಿಯ ಪುಟ್ಟಿ,

ಜಿಆರ್‌ಇ ಪರೀಕ್ಷೆಗೆ ಹೊಸದಾಗಿ ಕಲಿತ ಪದ ಅಂತ ನೀನು ಬರೆದು ಕಳಿಸಿದ ಇಂಗ್ಲಿಷ್ ವಾಕ್ಯ ಓದಿದೆ. ಮೀಟಿಂಗಿನಲ್ಲಿ ಎಲ್ಲರೆದುರು ಟೀಮ್ ಲೀಡ್ ನಿನ್ನನ್ನು 'ಎಕ್ಸ್‌ಕೋರಿಯೇಟ್' ಮಾಡಿದರು, ಅಂದರೆ ಉಗ್ರವಾಗಿ ಖಂಡಿಸಿದರು ಅಂತ. ವ್ಯಾಕರಣದಲ್ಲಿ ತಪ್ಪಿಲ್ಲ. ಆದರೆ ಓದಿ ಎರಡು ಬಗೆಯ ಸಂಕಟವಾಯಿತು. ನನ್ನ ಮಗಳಿಗೆ ಹಾಗೆ ಬೈದರಲ್ಲ ಅನ್ನುವುದು ಒಂದು. ಆ ಕೂಗಾಟಕ್ಕೆ ನೀನು ಇಷ್ಟು ತೂಕದ ಪದ ಕೊಟ್ಟುಬಿಟ್ಟೆಯಲ್ಲ ಅನ್ನುವುದು ಇನ್ನೊಂದು.

ಈ ಪದದ ಪರಿಚಯ ನನಗೆ ಆಸ್ಪತ್ರೆಯಲ್ಲೇ ಆದದ್ದು. ಚರ್ಮರೋಗದ ವಾರ್ಡಿನಲ್ಲಿ ಡ್ಯೂಟಿ ಇದ್ದಾಗ ಕಜ್ಜಿಯಾದ ಮಕ್ಕಳ ಕೇಸ್ ಶೀಟಿನಲ್ಲಿ ಡಾಕ್ಟರು 'ಎಕ್ಸ್‌ಕೋರಿಯೇಷನ್' ಅಂತ ಬರೆಯುತ್ತಿದ್ದರು. ಕಜ್ಜಿಯ ತುರಿಕೆ ರಾತ್ರಿ ಹೊತ್ತು ಜಾಸ್ತಿ. ಪಾಪ, ಮಕ್ಕಳು ನಿದ್ದೆಗಣ್ಣಲ್ಲಿ ಕೆರೆದುಕೊಂಡು ಬೆರಳಸಂದಿ, ಮಣಿಕಟ್ಟು, ಸೊಂಟದ ಸುತ್ತ ಚರ್ಮದ ಮೇಲ್ಪದರವನ್ನೇ ಕಿತ್ತುಕೊಂಡಿರುತ್ತವೆ. ಆ ತರಚಿದ ಗಾಯಕ್ಕೆ ಆ ಹೆಸರು. ಲ್ಯಾಟಿನ್ನಿನಲ್ಲಿ 'ಕೋರಿಯಂ' ಅಂದರೆ ಚರ್ಮ, ತೊಗಲು. ಇಂಗ್ಲಿಷಿಗೆ ಮೊದಲು ಬಂದದ್ದು ಈ ಚರ್ಮ ಕೀಳುವ ಅರ್ಥ. ಮಾತಿನಲ್ಲಿ ಉಗ್ರವಾಗಿ ಖಂಡಿಸುವ ಅರ್ಥ ಆಮೇಲೆ ಸೇರಿಕೊಂಡಿತು.

'ಚರ್ಮ ಸುಲಿದುಬಿಡ್ತೀನಿ' ಅನ್ನುವುದು ನಮ್ಮಲ್ಲೂ ಇದೆ, ನಿಜ. ಆದರೆ ಅದು ಬರೀ ಬೆದರಿಕೆ, ಹೊಡೆಯುವ ಮುಂಚಿನ ಮಾತು. ಸಂಪಾದಕೀಯವೊಂದು ಸರ್ಕಾರದ ಚರ್ಮ ಸುಲಿಯಿತು ಅಂತ ನಾವು ಬರೆಯುವುದಿಲ್ಲ. ತರಾಟೆಗೆ ತೆಗೆದುಕೊಂಡಿತು, ಛೀಮಾರಿ ಹಾಕಿತು, ಜನ್ಮ ಜಾಲಾಡಿತು ಅನ್ನುತ್ತೇವೆ. ಇಂಗ್ಲಿಷಿನ ಈ ಕ್ರಿಯಾಪದ ಕೂತಿರುವುದು ಆ ಜಾಗದಲ್ಲಿ. ಪತ್ರಿಕೆಯ ಲೇಖನ, ವಿಮರ್ಶಕರ ಬರಹ, ತನಿಖಾ ವರದಿ, ಸದನದ ಭಾಷಣ, ಇಂಥ ಕಡೆ ಅದನ್ನು ಹೆಚ್ಚಾಗಿ ನೋಡುತ್ತೀಯ. ಹತ್ತು ಜನರಿಗೆ ಕಾಣುವ ಹಾಗೆ, ಒಂದೊಂದೇ ತಪ್ಪನ್ನು ಎತ್ತಿ ಹೇಳಿ, ಮುಚ್ಚಿಟ್ಟದ್ದನ್ನು ಹೊರಗೆ ಹಾಕುವುದು. ಸುಮ್ಮನೆ ಗಂಟಲು ಹರಿದುಕೊಳ್ಳುವುದಕ್ಕೆ ಆ ಪದ ಹಾಕಬಾರದು ಅಂತ ನಿಘಂಟು ಹೇಳುವುದಿಲ್ಲ. ನಾನು ಹೇಳುತ್ತೇನೆ.

ವಾರನ್ ಹೇಸ್ಟಿಂಗ್ಸ್ ವಿಚಾರಣೆ ನೆನಪು ಮಾಡಿಕೊ. ನಮ್ಮ ದೇಶದಲ್ಲಿ ಗವರ್ನರ್ ಜನರಲ್ ಆಗಿದ್ದು 1785ರಲ್ಲಿ ಇಂಗ್ಲೆಂಡಿಗೆ ವಾಪಸ್ ಹೋದವನು. 1788ರ ಫೆಬ್ರವರಿಯಲ್ಲಿ ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಹಾಲಿನಲ್ಲಿ ಬ್ರಿಟನ್ನಿನ ಸಂಸತ್ ಸದಸ್ಯ ಎಡ್ಮಂಡ್ ಬರ್ಕ್ ಅವನ ವಿರುದ್ಧ ಮಾತಿಗೆ ನಿಂತ. ಆರಂಭದ ಭಾಷಣವೇ ನಾಲ್ಕು ದಿನ ನಡೆಯಿತು. ಬನಾರಸಿನ ರಾಜ ಚೇತ್ ಸಿಂಗನಿಗೆ ಆದದ್ದು, ಅವಧದ ಬೇಗಂಗಳ ಸಂಪತ್ತು ಕಿತ್ತುಕೊಂಡದ್ದು, ಕಾಣಿಕೆಯ ಹೆಸರಿನಲ್ಲಿ ಹಣ ತೆಗೆದುಕೊಂಡದ್ದು, ಎಲ್ಲ ಆರೋಪದ ಪಟ್ಟಿಯಲ್ಲಿತ್ತು. ಇಂಡಿಯಾದ ಜನರ ಹೆಸರಿನಲ್ಲಿ ಇವನ ಮೇಲೆ ದೋಷ ಹೊರಿಸುತ್ತೇನೆ ಅಂದ ಬರ್ಕ್. ಹೇಸ್ಟಿಂಗ್ಸ್ ಕೈಯಲ್ಲಿ ಎಂಥ ಅಧಿಕಾರ ಇತ್ತು ಯೋಚಿಸು. ಅಂಥವನ ಎದುರು ನಿಂತು ಹಾಗೆ ಮಾತಾಡಿದ್ದಕ್ಕೆ 'ಎಕ್ಸ್‌ಕೋರಿಯೇಟ್' ಒಪ್ಪುತ್ತದೆ. ಇನ್ನೊಂದು ಗಮನಿಸು: 1795ರಲ್ಲಿ ಹೇಸ್ಟಿಂಗ್ಸ್ ಖುಲಾಸೆಯಾದ. ಅಂದರೆ ಈ ಪದದಲ್ಲಿ ತೀರ್ಪೂ ಇಲ್ಲ, ಶಿಕ್ಷೆಯೂ ಇಲ್ಲ. ಮಾತಿನ ಏಟು ಮಾತ್ರ. ಪರೀಕ್ಷೆಯಲ್ಲಿ 'ಕನ್ವಿಕ್ಟ್' (ಅಪರಾಧಿ ಅಂತ ತೀರ್ಪು ಕೊಡುವುದು) ಪಕ್ಕದಲ್ಲಿಟ್ಟು ಕೇಳಿದರೆ ಬೇಸ್ತು ಬೀಳಬೇಡ.

ಇನ್ನು ನಿನ್ನ ಟೀಮ್ ಲೀಡ್. ಫೈಲ್ ತಡವಾಯಿತು ಅಂತ ಅವರು ಧ್ವನಿ ಏರಿಸಿ, ಓದಿದ ಕಾಲೇಜನ್ನೂ ಬಿಡದೆ, ಸುಮಾರು ಹೊತ್ತು ಒದರಿದರು ಅಂದೆಯಲ್ಲ, ಅದಕ್ಕೆ 'ಬಿರೇಟ್' ಸಾಕು. ಮುಖಾಮುಖಿ, ಕೋಪದಲ್ಲಿ, ಉದ್ದಕ್ಕೆ ಬೈಯುವುದು. ಬೈಯುವವರ ಸಿಟ್ಟು ಅದರಲ್ಲಿ ಕಾಣುತ್ತದೆಯೇ ಹೊರತು ಬೈಸಿಕೊಂಡವರ ತಪ್ಪು ಎಷ್ಟು ಅನ್ನುವುದು ಕಾಣುವುದಿಲ್ಲ. 'ಕ್ಯಾಸ್ಟಿಗೇಟ್' ಕೂಡ ಬೇಡ. ಅದರ ಬೇರಿನಲ್ಲಿ ಶುದ್ಧ ಮಾಡುವ, ತಿದ್ದುವ ಅರ್ಥ ಇದೆ. ನಿನ್ನನ್ನು ತಿದ್ದುವ ಮಾತು ಅಲ್ಲಿ ಒಂದಾದರೂ ಬಂತಾ? ಆಫೀಸಿನಿಂದ ಕಾಗದ ಬಂದಿದ್ದರೆ 'ರೆಪ್ರಿಮ್ಯಾಂಡ್' ಅನ್ನಬಹುದಿತ್ತು, ಅದೂ ಬಂದಿಲ್ಲ. ಅವರು ಮಾಡಿದ್ದು ಬಿರೇಟ್, ಪುಟ್ಟಿ. ಅಷ್ಟೇ. ನಿನ್ನ ಕೆಲಸವನ್ನು ಅವರು ಒಂದು ಸಾಲಿನಷ್ಟೂ ಪರಿಶೀಲಿಸಲಿಲ್ಲ. ಬರ್ಕನ ನಾಲ್ಕು ದಿನದ ಭಾಷಣಕ್ಕೆ ಸಲ್ಲುವ ಪದವನ್ನು ಅವರಿಗೆ ಯಾಕೆ ಕೊಡುತ್ತೀಯ?

ಪರೀಕ್ಷೆಯ ವಿಷಯಕ್ಕೆ ಬರೋಣ. ವಾಕ್ಯಕ್ಕೆ ಆರು ಪದ ಕೊಟ್ಟು, ಒಂದೇ ಅರ್ಥ ಬರುವ ಎರಡನ್ನು ಆರಿಸಿ ಅನ್ನುವ ಪ್ರಶ್ನೆ ಇರುತ್ತದಲ್ಲ, ಅಲ್ಲಿ ಇದಕ್ಕೆ ಜೊತೆಯಾಗಿ 'ಲ್ಯಾಂಬೇಸ್ಟ್' ಬರಬಹುದು. 'ಎಕ್ಸಿಕ್ರೇಟ್' ಕಂಡರೆ ಮೋಸ ಹೋಗಬೇಡ. ನೋಡಲು ಅಕ್ಕತಂಗಿ ಹಾಗಿದ್ದರೂ ಅದರ ಮೂಲ ಬೇರೆ, ಅದಕ್ಕೆ ಶಪಿಸುವ, ಅತಿಯಾಗಿ ದ್ವೇಷಿಸುವ ಅರ್ಥ. ಯಾವುದಕ್ಕಾಗಿ ಖಂಡಿಸಿದರು ಅಂತ ಹೇಳುವಾಗ 'ಎಕ್ಸ್‌ಕೋರಿಯೇಟ್' ಆದಮೇಲೆ 'ಫಾರ್' ಬರುತ್ತದೆ. ಉಚ್ಚಾರದ ಒತ್ತು 'ಸ್ಕೋ' ಮೇಲೆ. ಪಟ್ಟಿಯಲ್ಲಿ ಎಲ್ಲದರ ಎದುರಿಗೂ ಬರೀ 'ಬೈಯು' ಅಂತ ಬರೆದುಕೊಂಡಿದ್ದೀಯ. ಅದನ್ನು ಅಳಿಸಿ, ಯಾರು, ಯಾರನ್ನು, ಎಲ್ಲಿ, ಯಾಕೆ ಅಂತ ಒಂದೊಂದು ವಾಕ್ಯ ಬರೆದುಕೊ.

ಮೀಟಿಂಗಿನ ವಿಷಯ ಮನಸ್ಸಿನಲ್ಲಿ ಇಟ್ಟುಕೊಂಡು ಊಟ ಬಿಡಬೇಡ. ಫೈಲ್ ಯಾಕೆ ತಡವಾಯಿತು, ಯಾರಿಂದ ಏನು ಬರಬೇಕಿತ್ತು ಅನ್ನುವುದನ್ನು ತಾರೀಕಿನ ಸಮೇತ ಬರೆದು ಅವರಿಗೇ ಮೇಲ್ ಮಾಡು. ಕೋಪದ ಮಾತು ಒಂದೂ ಬೇಡ, ನಡೆದದ್ದು ಮಾತ್ರ ಸಾಕು. ಕಳಿಸುವ ಮುಂಚೆ ನನಗೆ ತೋರಿಸಬೇಕು ಅನ್ನಿಸಿದರೆ ತೋರಿಸು, ರಾತ್ರಿ ಎಷ್ಟು ಹೊತ್ತಾದರೂ ಪರವಾಗಿಲ್ಲ, ಓದುತ್ತೇನೆ.

ನಿನ್ನ,
ಅಮ್ಮ